ಪಾದ್ರಿಯ ಜೋಳಿಗೆ: ಸ್ವಾರ್ಥ ಕಳೆಯುವ ಬಗೆ ಕುರಿತು ಒಂದು ಪಾಠ

ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಕೈಯಲ್ಲಿ ಕಾಯಿ ಕರ್ಪೂರ ಇರುತ್ತದೆ, ಮನಸ್ಸಿನಲ್ಲಿ ಒಂದು ಹರಕೆ ಇರುತ್ತದೆ. ಮಗಳ ಲಗ್ನ ಕೂಡಿಬರಬೇಕು, ಮಗನಿಗೆ ನೌಕರಿ ಆಗಬೇಕು, ಬೋರಿಗೆ ನೀರು ಬೀಳಬೇಕು, ಕೋರ್ಟಿನ ಕೇಸು ನಮ್ಮ ಕಡೆ ಆಗಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಸಂಸಾರಸ್ಥರು ದೇವರ ಮುಂದೆ ಬೇಡದೆ ಇನ್ಯಾರ ಮುಂದೆ ಬೇಡಬೇಕು? ಆದರೆ ಅದೇ ಭಕ್ತರು ಸರದಿಯಲ್ಲಿ ನಿಂತಾಗ, ಮುಂದೆ ಕೋಲು ಊರಿಕೊಂಡು ನಿಂತ ಮುದುಕಿಗೆ ‘ಸ್ವಲ್ಪ ಸರಿಯಬೇ ಯವ್ವಾ, ನಮಗ ಬಸ್ಸಿಗೆ ಹೊತ್ತಾತು’ ಎಂದು ಮೊಣಕೈ ತಾಗಿಸಿ ಮುಂದೆ ಹೋಗುವುದೂ ಉಂಟು. ದೇವರ ಎದುರಿಗೆ ಹತ್ತು ಹೆಜ್ಜೆ ಇರುವಾಗಲೇ ಸ್ವಾರ್ಥ ತನ್ನ ಕೆಲಸ ಮುಗಿಸಿಕೊಂಡು ಹೋಗಿರುತ್ತದೆ. ಆ ಮುದುಕಿಗೂ ಒಂದು ಬಸ್ಸಿದೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ.

ಸ್ವಾರ್ಥ ಬಿಡಬೇಕು ಎಂದು ಎಲ್ಲ ಧರ್ಮದವರೂ ಹೇಳುತ್ತಾರೆ. ಹೇಗೆ ಬಿಡಬೇಕು ಎಂಬುದೇ ತೊಡಕಿನ ಪ್ರಶ್ನೆ. ಈ ಪಾಠದಲ್ಲಿ ಅದಕ್ಕೆ ನಮ್ಮ ಸೀಮೆಗೇ ಸಂಬಂಧಪಟ್ಟ ಒಬ್ಬ ಮಹನೀಯರ ಜೀವನವನ್ನು ನೋಡೋಣ. ಅವರು ಕ್ರೈಸ್ತ ಪಾದ್ರಿಗಳು. ಅವರ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪನವರು.

‘ನಾನು’ ಎಂಬುದರ ಕಥೆ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಹೋಗಿ ಬಂದವರಿಗೆ ಕನಕದಾಸರ ಒಂದು ಕಥೆ ಗೊತ್ತಿರುತ್ತದೆ. ಗುರುಗಳಾದ ವ್ಯಾಸರಾಯರು ಒಮ್ಮೆ ಸಭೆಯಲ್ಲಿ, ಇಲ್ಲಿರುವವರಲ್ಲಿ ಮೋಕ್ಷಕ್ಕೆ ಹೋಗುವವರು ಯಾರು ಎಂದು ಕೇಳಿದರಂತೆ. ಒಬ್ಬೊಬ್ಬ ಪಂಡಿತರ ಹೆಸರು ಹೇಳಿದಾಗಲೂ ಕನಕದಾಸರು ಇಲ್ಲ ಎಂದರು. ಗುರುಗಳು ಹೋಗುತ್ತಾರೆಯೇ ಎಂದರೆ ಅದಕ್ಕೂ ಇಲ್ಲ ಎಂದರು. ಹಾಗಾದರೆ ನೀನು ಹೋಗುತ್ತೀಯಾ ಎಂದಾಗ, ‘ನಾನು’ ಹೋದರೆ ಹೋಗಬಹುದು ಎಂಬರ್ಥದ ಉತ್ತರ ಕೊಟ್ಟರು. ಸಭೆಯವರು ಮೊದಲು ಸಿಟ್ಟಾದರು, ಆಮೇಲೆ ತಲೆದೂಗಿದರು. ಇದು ಜನರ ಬಾಯಲ್ಲಿ ಬಂದ ಕಥೆ. ನಡೆದದ್ದೋ ಕಟ್ಟಿದ್ದೋ, ಮಾತು ಮಾತ್ರ ಉಳಿದಿದೆ.

ಇದೇ ವಿಷಯ ಯೇಸುಸ್ವಾಮಿಯ ಬೋಧನೆಯಲ್ಲಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ತನ್ನ ಹಿಂದೆ ಬರಬೇಕೆನ್ನುವವನು ಮೊದಲು ತನ್ನನ್ನೇ ಬಿಡಬೇಕು ಎಂಬುದು ಆತನ ಮೂಲ ನಿಯಮ. ಅದನ್ನು ಆತನು ಒಕ್ಕಲುತನದವರಿಗೆ ತಿಳಿಯುವಂಥ ಸಾಮತಿಗಳಲ್ಲಿ ಹೇಳಿದನು. ಲೂಕನ ಸುವಾರ್ತೆಯಲ್ಲಿ ಒಬ್ಬ ಸಾಹುಕಾರನ ಕಥೆ ಇದೆ. ಅವನ ಹೊಲ ಆ ವರ್ಷ ಭರ್ಜರಿ ಬೆಳೆಯಿತು. ಇದ್ದ ಕಣಜ ಸಾಲಲಿಲ್ಲ. ಇವನ್ನು ಕೆಡವಿ ದೊಡ್ಡವನ್ನು ಕಟ್ಟಿಸುತ್ತೇನೆ, ನನ್ನ ಕಾಳು ನನ್ನ ಸರಕು ಎಲ್ಲ ತುಂಬಿಡುತ್ತೇನೆ, ಆಮೇಲೆ ಎಷ್ಟೋ ವರ್ಷ ಉಂಡು ತಿಂದು ಆರಾಮಾಗಿ ಇರುತ್ತೇನೆ ಎಂದು ಲೆಕ್ಕ ಹಾಕಿದ. ಅದೇ ರಾತ್ರಿ ಅವನ ಪ್ರಾಣ ಹೋಯಿತು. ನಮ್ಮ ಕಡೆಯವರಿಗೆ ಹಗೇವು ಗೊತ್ತು, ಬ್ಯಾಡಗಿಯವರಿಗೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಗೊತ್ತು. ರೇಟು ಬರಲಿ ಎಂದು ಮಾಲು ಕಾಯ್ದಿಡುವುದು ಪಾಪವಲ್ಲ, ರೈತ ಬದುಕಬೇಕಲ್ಲ. ಕಥೆಯನ್ನು ಲಕ್ಷ್ಯಗೊಟ್ಟು ಓದಿದರೆ ಸಾಹುಕಾರನ ತಪ್ಪು ಬೇರೆ ಕಡೆ ಇದೆ. ಅವನ ಮಾತಿನಲ್ಲಿ ಬರೀ ‘ನನ್ನ’, ‘ನನ್ನ’. ಆ ಬೆಳೆ ತೆಗೆಯಲು ಹೊಲದಲ್ಲಿ ದುಡಿದ ಆಳುಗಳ ಹೆಸರಿಲ್ಲ, ನೆರೆಯವನ ಹೆಸರಿಲ್ಲ, ಮಳೆ ಕೊಟ್ಟ ದೇವರ ಹೆಸರೂ ಇಲ್ಲ. ಮಾತಾಡಲಿಕ್ಕೆ ಅವನಿಗೆ ತನ್ನ ಹೊರತು ಇನ್ನೊಬ್ಬರಿರಲಿಲ್ಲ.

ಇನ್ನೊಂದು ಸಾಮತಿ ಯೋಹಾನನ ಸುವಾರ್ತೆಯಲ್ಲಿದೆ. ಗೋಧಿ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂದೇ ಕಾಳಾಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ ಎಂಬ ಭಾವದ್ದು. ಇದನ್ನು ರಾಣೆಬೆನ್ನೂರಿನವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಬೀಜದ ವ್ಯಾಪಾರಕ್ಕೆ, ಬೀಜೋತ್ಪಾದನೆಗೆ ಹೆಸರಾದ ಊರಿದು. ಎಷ್ಟೇ ಬೆಲೆಯ ಬೀಜವಾದರೂ ಪಾಕೀಟಿನಲ್ಲೇ ಇದ್ದರೆ ಮುಂದಿನ ವರ್ಷ ಕೆಡುತ್ತದೆ. ಕೂರಿಗೆಯಿಂದ ಮಣ್ಣಿಗಿಳಿದು ತನ್ನ ಆಕಾರ ಕಳೆದುಕೊಂಡ ಬೀಜಕ್ಕೇ ತೆನೆ.

ಆದರೆ ಇವೆಲ್ಲ ಕೇಳಿದ ಮೇಲೂ ಮನುಷ್ಯ ಹಾಗೇ ಇರುತ್ತಾನೆ, ಇದೇ ಸೋಜಿಗ. ಯೇಸುವಿನ ಜೊತೆಗೇ ಇದ್ದ ಯಾಕೋಬ ಮತ್ತು ಯೋಹಾನ ಎಂಬ ಅಣ್ಣತಮ್ಮಂದಿರು, ನಿನ್ನ ರಾಜ್ಯ ಬಂದಾಗ ನಮ್ಮನ್ನು ಬಲಕ್ಕೆ ಎಡಕ್ಕೆ ಕೂರಿಸಿಕೋ ಎಂದು ಕೇಳಿದರು. ಉಳಿದ ಹತ್ತು ಮಂದಿ ಸಿಟ್ಟಾದರು. ಯಾಕೆ ಸಿಟ್ಟಾದರು? ಅವರಿಗೂ ಆ ಖುರ್ಚಿ ಬೇಕಿತ್ತು, ಮತ್ತೇನು! ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಬೇಕು ಎಂದು ಯೇಸು ಅವರಿಗೆ ತಿಳಿಹೇಳಿದನು. ಕೊನೆಯ ರಾತ್ರಿ ತಾನೇ ನಡುವಿಗೆ ವಸ್ತ್ರ ಕಟ್ಟಿಕೊಂಡು ಅವರ ಕಾಲು ತೊಳೆದನು. ಮಾತಿನಿಂದ ಆಗದ್ದನ್ನು ಕೆಲಸದಿಂದ ತೋರಿಸಬೇಕಾಯಿತು. ಸ್ವಾರ್ಥ ಬಿಡು ಎಂದು ಮನಸ್ಸಿಗೆ ಹೇಳಿದರೆ ಮನಸ್ಸು ಅದನ್ನೇ ಹೆಚ್ಚು ನೆನೆಯುತ್ತದೆ. ಕೈಗೆ ತನಗಿಂತ ದೊಡ್ಡ ಕೆಲಸವೊಂದು ಸಿಕ್ಕರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಇದನ್ನೇ ಹಿರಿಯರು ಧ್ಯೇಯ ಎಂದದ್ದು.

‘ನನ್ನದು’ ಹೋದರೂ ‘ನಮ್ಮದು’ ಉಳಿಯುತ್ತದೆ

ಇಲ್ಲಿ ಒಂದು ಸೂಕ್ಷ್ಮವಿದೆ, ಓದುಗರು ಗಮನಿಸಬೇಕು. ತನ್ನ ಹೊಟ್ಟೆ ತನ್ನ ಮನೆ ಎನ್ನುವ ಸ್ವಾರ್ಥವನ್ನು ಊರವರು ಕೂಡಲೇ ಗುರುತಿಸುತ್ತಾರೆ, ‘ಅಂವಾ ಭಾಳ ಸ್ವಾರ್ಥಿ ಅದಾನ’ ಎನ್ನುತ್ತಾರೆ. ಅದೇ ಮನುಷ್ಯ ನಮ್ಮ ಜಾತಿ, ನಮ್ಮ ಮಠ, ನಮ್ಮ ಚರ್ಚು, ನಮ್ಮ ಜಮಾತು ಎಂದು ದುಡಿದರೆ ಹಾರ ಹಾಕುತ್ತಾರೆ. ಹಾರ ಹಾಕಲಿ, ಅದೂ ಸೇವೆಯೇ. ಆದರೆ ಪಕ್ಕದವರ ಮನೆಗೆ ಬೆಂಕಿ ಬಿದ್ದಾಗ ‘ಅವರು ನಮ್ಮವರಲ್ಲ’ ಎಂದು ನೀರಿನ ಕೊಡ ಕೆಳಗಿಟ್ಟರೆ ಅದು ಹಳೆಯ ಸ್ವಾರ್ಥವೇ, ಮೈ ಮಾತ್ರ ದೊಡ್ಡದು. ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ಭಕ್ತಿಯ ಬಟ್ಟೆ ಉಟ್ಟುಕೊಂಡಿರುತ್ತದೆ.

ಸಮಾರ್ಯದವನ ಕಥೆ ಇದನ್ನೇ ಕುರಿತದ್ದು. ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಅವನ ಧರ್ಮದ ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ಹೋದರು. ಎತ್ತಿ ಗಾಯ ಕಟ್ಟಿ, ತನ್ನ ಕತ್ತೆಯ ಮೇಲೆ ಹಾಕಿಕೊಂಡು ಛತ್ರಕ್ಕೆ ಮುಟ್ಟಿಸಿ, ಕೈಯಿಂದ ರೊಕ್ಕ ಕೊಟ್ಟವನು ಬೇರೆ ಪಂಗಡದವನು. ಆ ಕಾಲದಲ್ಲಿ ಆ ಎರಡು ಪಂಗಡಕ್ಕೆ ಕೊಡು ಕೊಳ್ಳುವ ಬಳಕೆಯೂ ಇರಲಿಲ್ಲ. ಯೇಸು ಈ ಕಥೆ ಹೇಳಿದ್ದು ‘ನನ್ನ ನೆರೆಯವನು ಯಾರು’ ಎಂದು ಕೇಳಿದ ಒಬ್ಬ ಧರ್ಮಶಾಸ್ತ್ರ ಬಲ್ಲವನಿಗೆ.

ಈ ಎರಡನೆಯ ಗೆರೆಯನ್ನು ದಾಟಿದವರು ಉತ್ತಂಗಿ ಚನ್ನಪ್ಪನವರು. ಅದಕ್ಕೇ ಅವರ ಜೀವನವನ್ನು ಇಲ್ಲಿ ತೆಗೆದುಕೊಂಡಿದೆ.

ಮನೆತನ ಮತ್ತು ಓದು

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹಿರಿಯರು ಉತ್ತಂಗಿ ಗ್ರಾಮದ ಲಿಂಗಾಯತ ಮನೆತನದವರು, ಮುಂದೆ ಕ್ರೈಸ್ತರಾದವರು. ಉತ್ತಂಗಿ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ, ಅಂದರೆ ರಾಣೆಬೆನ್ನೂರಿನವರಿಗೆ ತುಂಗಭದ್ರೆಯ ಆಚೆ ದಂಡೆ. ಮೈಲಾರಲಿಂಗನ ಮೈಲಾರವೂ ಅದೇ ತಾಲ್ಲೂಕಿನದು. ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಭಾಗದ ಹಿರಿಯರಿಗೆ ಆ ಸೀಮೆ ಹೊಸದಲ್ಲ. ಹೆಸರು ಚನ್ನಪ್ಪ, ಊರಿನ ಅಡ್ಡಹೆಸರು ಉತ್ತಂಗಿ, ತಂದೆಯ ಹೆಸರು ದಾನಿಯೇಲಪ್ಪ. ಧರ್ಮ ಬದಲಾದರೂ ಮನೆಯ ಹೆಸರಿನಲ್ಲಿ ಎರಡೂ ದಂಡೆ ಉಳಿದುಕೊಂಡಿದ್ದವು.

ಅವರು ಮಂಗಳೂರಿನ ಬಾಸೆಲ್ ಮಿಷನ್ ದೇವಶಾಸ್ತ್ರ ಶಾಲೆಯಲ್ಲಿ ಓದಿ ಸಭಾಪಾಲಕರಾದರು. ಬಾಸೆಲ್ ಮಿಷನ್ ಎಂದರೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ. 1834ರಲ್ಲಿ ಅದರ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದರು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿ ಹೇಳುವ ಕಾರಣವಿಲ್ಲ. ಕನ್ನಡ ಕಲಿತದ್ದೂ ಮೊದಲು ಅದೇ ಉದ್ದೇಶಕ್ಕೆ. ಆದರೆ ಕನ್ನಡ ಅವರಲ್ಲಿ ಕೆಲವರನ್ನು ತನ್ನ ಕಡೆ ಎಳೆದುಕೊಂಡಿತು. ಹರ್ಮನ್ ಮೋಗ್ಲಿಂಗ್ ಎಂಬವರು 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. 1850ರ ಸುಮಾರಿಗೆ ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ವಿಷ್ಣುಭಕ್ತಿಯ ಹಾಡನ್ನು ಪಾದ್ರಿಯೊಬ್ಬರು ಅಚ್ಚಿಗೆ ಕೊಟ್ಟರು! ಫರ್ಡಿನಂಡ್ ಕಿಟೆಲ್ ಎಂಬವರು 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂದವರು, ವರ್ಷಗಟ್ಟಲೆ ಕೂತು ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಅದು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಜೈನ ಕವಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಅವರು ಸಂಪಾದಿಸಿದರು. ತನ್ನ ಧರ್ಮಕ್ಕೆ ಇದರಿಂದ ಎಷ್ಟು ಮಂದಿ ಬಂದರು ಎಂದು ಲೆಕ್ಕ ಹಾಕಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಚನ್ನಪ್ಪನವರು ಬೆಳೆದದ್ದು ಈ ನೆರಳಿನಲ್ಲಿ. ಆದರೆ ಅವರು ಹೊರಗಿನಿಂದ ಬಂದವರಲ್ಲ, ಇದೇ ಮಣ್ಣಿನವರು. ಜೋಳದ ರೊಟ್ಟಿ ತಿಂದು, ಧಾರವಾಡ ಕಡೆಯ ಮಾತಾಡಿ ಬೆಳೆದವರು. ಅವರಿಗೆ ವಚನಗಳು ಪುಸ್ತಕದ ವಿಷಯವಾಗಿರಲಿಲ್ಲ, ಅಜ್ಜ ಮುತ್ತಜ್ಜರ ಮನೆಯ ಮಾತಾಗಿತ್ತು.

ಸರ್ವಜ್ಞನ ಹಿಂದೆ ಹೊರಟದ್ದು

ನಮ್ಮ ಹಾವೇರಿ ಜಿಲ್ಲೆಯ ಅಬಲೂರು, ಮಾಸೂರು ಗ್ರಾಮಗಳ ಹೆಸರು ಕೇಳಿದ ಕೂಡಲೇ ಸರ್ವಜ್ಞ ನೆನಪಾಗುತ್ತಾನೆ. ಮಾಸೂರಿನ ಬಸವರಸ ತಂದೆ, ಅಬಲೂರಿನ ಕುಂಬಾರರ ಮಾಳಿ ತಾಯಿ ಎಂಬುದು ಪರಂಪರೆಯ ಮಾತು. ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ, ಹೆಚ್ಚಿನವರು 16 ಮತ್ತು 17ನೇ ಶತಮಾನಗಳ ನಡುವೆ ಇಡುತ್ತಾರೆ. ಮನೆ ಮಾಡಲಿಲ್ಲ, ಮಠ ಕಟ್ಟಲಿಲ್ಲ, ಶಿಷ್ಯರನ್ನು ಕೂಡಿಸಲಿಲ್ಲ. ಉಂಡಲ್ಲಿ ಉಂಡು ಮಲಗಿದಲ್ಲಿ ಮಲಗಿ, ಮೂರು ಸಾಲಿನ ತ್ರಿಪದಿಗಳನ್ನು ಹೇಳುತ್ತ ಊರೂರು ತಿರುಗಿದ. ತನಗೆ ಆ ಹೆಸರು ಬಂದದ್ದು ಗರ್ವದಿಂದಲ್ಲ, ಕಂಡವರೆಲ್ಲರಿಂದ ಒಂದೊಂದು ಮಾತು ಕಲಿತದ್ದರಿಂದ ಎಂದು ಅವನೇ ಹೇಳಿಕೊಂಡಿದ್ದಾನೆ.

ಮಠ ಇಲ್ಲದವನ ಮಾತನ್ನು ಯಾರು ಕಾಯ್ದಿಡಬೇಕು? ರಾಜನ ಕಾವ್ಯ ಆದರೆ ಆಸ್ಥಾನದಲ್ಲಿ ಪ್ರತಿ ಮಾಡಿಸುತ್ತಾರೆ, ಗುರುವಿನ ವಾಣಿ ಆದರೆ ಶಿಷ್ಯರು ಬರೆದಿಡುತ್ತಾರೆ. ತಿರುಕನ ತ್ರಿಪದಿಗೆ ಅದ್ಯಾವುದೂ ಇಲ್ಲ. ಅವು ರೈತರ, ಕುಂಬಾರರ, ಅಜ್ಜಿಯರ ಬಾಯಲ್ಲಿ ಉಳಿದವು. ಕೆಲವು ತಾಡೋಲೆಗಳಲ್ಲಿ, ಕೆಲವು ಕೈಬರಹದ ಪುಸ್ತಕಗಳಲ್ಲಿ ಚೂರು ಚೂರಾಗಿ ಸೇರಿದವು. ಒಂದು ಊರಿನಲ್ಲಿ ಎರಡನೇ ಸಾಲು ಒಂದು ಥರ, ಇನ್ನೊಂದು ಊರಿನಲ್ಲಿ ಇನ್ನೊಂದು ಥರ. ಮೇಲಾಗಿ ಕೊನೆಯಲ್ಲಿ ‘ಸರ್ವಜ್ಞ’ ಎಂದು ಸೇರಿಸಿದರೆ ಯಾರು ಕಟ್ಟಿದ್ದೂ ಅವನದೇ ಆಗಿಬಿಡುತ್ತದೆ. ಬೈಗುಳದ ಪದವೂ ಅವನದೇ, ಒಂದು ಜಾತಿಯನ್ನು ಹೀಯಾಳಿಸಿ ಇನ್ನೊಬ್ಬರು ಕಟ್ಟಿದ್ದೂ ಅವನದೇ.

ಇಂಥ ರಾಶಿಯೊಳಗೆ ಕೈ ಹಾಕಿದವರು ಚನ್ನಪ್ಪನವರು. ಸಭೆಯ ಕೆಲಸ, ಉಪದೇಶ, ಮದುವೆ ಮಣ್ಣುಗಳ ನಡುವೆ ಬಿಡುವು ಮಾಡಿಕೊಂಡು ಹಲವು ವರ್ಷ ಹಸ್ತಪ್ರತಿಗಳನ್ನು ಹುಡುಕಿದರು, ಬಾಯಿಂದ ಬಾಯಿಗೆ ಬಂದದ್ದನ್ನು ಬರೆದುಕೊಂಡರು. ಹೀಗೆ ಕೂಡಿಸುವುದೆಂದರೆ ಏನು ಎಂಬುದನ್ನು ಇಂದಿನ ಓದುಗರು ಕಲ್ಪಿಸಿಕೊಳ್ಳಬೇಕು. ಆಗ ಜೆರಾಕ್ಸ್ ಇಲ್ಲ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುವ ಮಾತೇ ಇಲ್ಲ. ಹಸ್ತಪ್ರತಿ ಇಟ್ಟುಕೊಂಡ ಮನೆಯವರು ಅದನ್ನು ಜಗಲಿಯ ಮೇಲೆ ಪೂಜೆಗೆ ಇಟ್ಟಿರುವುದು ಸಾಮಾನ್ಯ. ಕೇಳಿದ ಕೂಡಲೇ ಕೊಡುವವರಲ್ಲ. ಕೊಟ್ಟರೆ ಕೂತಲ್ಲೇ ಕೂತು ಕೈಯಿಂದ ಪ್ರತಿ ಮಾಡಬೇಕು. ಅದರ ಮೇಲೆ ಬಂದವನು ಬೇರೆ ಧರ್ಮದ ಪಾದ್ರಿ. ತಿರಸ್ಕಾರ ನುಂಗದೆ, ಮತ್ತೊಮ್ಮೆ ಬಾಗಿಲು ತಟ್ಟದೆ ಇಂಥ ಕೆಲಸ ಆಗುವುದಿಲ್ಲ. ನಾಲ್ಕು ಪಾಠ ಎದುರಿಗಿಟ್ಟುಕೊಂಡು ಯಾವುದು ಹಳೆಯದು, ಯಾವುದು ಆಮೇಲೆ ಸೇರಿದ್ದು ಎಂದು ತೂಗಬೇಕು. ತನಗೆ ಇಷ್ಟವಾದದ್ದನ್ನು ಇಟ್ಟು ಬೇಡವಾದದ್ದನ್ನು ಬಿಡುವ ಆಸೆ ಸಂಪಾದಕನಿಗೆ ಯಾವಾಗಲೂ ಇರುತ್ತದೆ. ಶಿವನ ಹೆಸರು ಬಂದಲ್ಲೆಲ್ಲ ಕತ್ತರಿ ಆಡಿಸುವುದು ಒಬ್ಬ ಮತಪ್ರಚಾರಕನಿಗೆ ಕಷ್ಟವೇನಾಗಿರಲಿಲ್ಲ. ಚನ್ನಪ್ಪನವರು ಹಾಗೆ ಮಾಡಲಿಲ್ಲ. ಸರ್ವಜ್ಞನ ಶಿವ ಸರ್ವಜ್ಞನ ಶಿವನಾಗಿಯೇ ಉಳಿದ.

1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರಬಂತು. ಸುಮಾರು 2,000 ತ್ರಿಪದಿಗಳು ಒಂದೇ ಕಡೆ, ವಿಷಯ ವಿಷಯವಾಗಿ ಜೋಡಿಸಿದ್ದು. ಆಗ ಚನ್ನಪ್ಪನವರಿಗೆ ನಲವತ್ತು ದಾಟಿತ್ತು. ಆಮೇಲೆ ಶಾಲೆಯ ಪುಸ್ತಕಗಳಲ್ಲಿ, ಕೀರ್ತನೆಕಾರರ ಬಾಯಲ್ಲಿ, ಬಸ್ಸಿನ ಗೋಡೆಯ ಮೇಲೆ, ಗೋಡೆ ಕ್ಯಾಲೆಂಡರಿನಲ್ಲಿ ಸರ್ವಜ್ಞ ಬಂದ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾದದ್ದು ಹಲವರಿಗೆ ನೆನಪಿರಬಹುದು. ಈ ದಾರಿ ಇಷ್ಟು ಸಲೀಸಾದದ್ದರ ಹಿಂದೆ ಒಬ್ಬ ಪಾದ್ರಿಯ ಜೋಳಿಗೆ ಇದೆ. ಸರ್ವಜ್ಞನ ಪದ ಹೇಳುವವರಿಗೆ ಆ ಹೆಸರು ಗೊತ್ತಿರುವುದಿಲ್ಲ. ಗೋಧಿ ಕಾಳಿನ ಸಾಮತಿಯನ್ನು ಇಲ್ಲಿ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ.

ಚನ್ನಪ್ಪನವರು ‘ತಿರುಳ್ಗನ್ನಡದ ತಿರುಕ’ ಎಂದೇ ಪ್ರಸಿದ್ಧರಾದರು. ತಿರುಕ ಅಂದರೆ ಭಿಕ್ಷುಕ. ಸರ್ವಜ್ಞ ತಿರುಕ, ಅವನ ಪದ ಕೂಡಿಸಿದವರೂ ತಿರುಕ. ಒಬ್ಬನು ಊಟ ಬೇಡಿ ಪದ ಕೊಟ್ಟ, ಇನ್ನೊಬ್ಬರು ಆ ಪದಗಳನ್ನೇ ಮನೆಮನೆಗೆ ಬೇಡಿ ತಂದರು.

ಪಾದ್ರಿಗೆ ಇದೆಲ್ಲ ಯಾಕೆ?

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ‘ಇವರು ಕ್ರಿಸ್ತನನ್ನು ಬಿಟ್ಟರೇನು?’ ಬಿಡಲಿಲ್ಲ. ಕೊನೆಯವರೆಗೂ ಅವರು ಕ್ರಿಸ್ತಭಕ್ತರೇ. 1921ರಲ್ಲಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದರು. ಹೆಸರನ್ನೇ ನೋಡಿರಿ. ಬೆತ್ಲೆಹೇಮು ಯೇಸು ಹುಟ್ಟಿದ ಊರು, ಬನಾರಸು ಹಿಂದೂಗಳ ಕಾಶಿ. ಬೆತ್ಲೆಹೇಮಿನ ಅಪ್ಪಣೆ ಎಂದು ಬರೆಯಲಿಲ್ಲ, ಬೆತ್ಲೆಹೇಮಿನ ಸವಾಲು ಎಂದೂ ಬರೆಯಲಿಲ್ಲ. ವಿನಂತಿ ಎಂದರು. ಕೈ ಮುಗಿದು ಕೇಳುವ ಮಾತು ಅದು. ತನ್ನ ನಂಬಿಕೆ ದೊಡ್ಡದು ಎಂದು ತಿಳಿದವನೂ ಇನ್ನೊಬ್ಬರ ಮನೆಯ ಬಾಗಿಲಲ್ಲಿ ತಗ್ಗಿ ನಿಲ್ಲಬಹುದು ಎಂಬುದು ಆ ಒಂದು ಶಬ್ದದಲ್ಲಿದೆ. ಕಾಲು ತೊಳೆದ ಗುರುವಿನ ಶಿಷ್ಯನಿಗೆ ಆ ಶಬ್ದ ಸಹಜವಾಗಿ ಬಂದಿರಬೇಕು.

ಪರಧರ್ಮದವರಲ್ಲಿ ತಪ್ಪು ಹುಡುಕಿದರೆ ನಮ್ಮ ಧರ್ಮ ಮೇಲಾಗುತ್ತದೆ ಎಂದು ತಿಳಿದವರು ಎಲ್ಲ ಕಡೆ ಇದ್ದಾರೆ. ಅಂಥವರಿಗೆ ಚನ್ನಪ್ಪನವರ ದಾರಿ ಅರ್ಥವಾಗುವುದು ಕಷ್ಟ. ಒಂದು ಕಡೆಯವರು ‘ಇವರು ನಮ್ಮವರಲ್ಲ’ ಎನ್ನಬಹುದು, ಇನ್ನೊಂದು ಕಡೆಯವರು ‘ಇವರು ನಮ್ಮವರಾಗಿ ಉಳಿದಿಲ್ಲ’ ಎನ್ನಬಹುದು. ಎರಡು ದಂಡೆಗೂ ಕಾಲಿಟ್ಟವನ ಪಾಡು ಅಷ್ಟೇ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಪೂರಾ ನಷ್ಟದ ವ್ಯವಹಾರ.

ಆದರೂ ಅವರು ನಿಲ್ಲಿಸಲಿಲ್ಲ. ಶಿವಶರಣರ ವಚನಗಳಿಗೆ ಕೈ ಹಾಕಿದರು. ಮೋಳಿಗೆಯ ಮಾರಯ್ಯ ಮತ್ತು ಅವರ ಧರ್ಮಪತ್ನಿ ಮಹಾದೇವಿಯವರ ವಚನಗಳನ್ನು ಸಂಪಾದಿಸಿದರು. ಆ ಮಾರಯ್ಯ ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬದುಕಿದವನೆಂದು ಶರಣರ ಕಥೆಗಳಲ್ಲಿ ಬರುತ್ತದೆ. ಸ್ವಾರ್ಥ ಬಿಟ್ಟವನ ವಚನಗಳು ಅಂಥವರ ಕೈಗೇ ಸಿಕ್ಕವು ಎನ್ನಬೇಕು. ಬಸವಣ್ಣನವರ ಕಾಲದ ಅನುಭವ ಮಂಟಪ ನಿಜವಾಗಿ ಇತ್ತೇ, ಬರೀ ಕಲ್ಪನೆಯೇ ಎಂದು ವಿದ್ವಾಂಸರಲ್ಲಿ ವಾದ ಎದ್ದಾಗ, ಇತ್ತು ಎಂದು ಆಧಾರ ಕೂಡಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥ ಬರೆದವರು ಇದೇ ಚನ್ನಪ್ಪನವರು, 1951ರಲ್ಲಿ. ಆಗ ಅವರಿಗೆ ಎಪ್ಪತ್ತರ ಹತ್ತಿರ. ಶರಣರ ಮನೆಯ ಮೇಲೆ ಬಂದ ಅನುಮಾನಕ್ಕೆ ಉತ್ತರ ಕೊಡಲು ಸಭಾಪಾಲಕರೊಬ್ಬರು ಎದ್ದು ನಿಂತರು. ಸಮಾರ್ಯದವನ ಕಥೆ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಕಥೆಯನ್ನು ಓದುವವರು ಬಹಳ, ನಡೆಸಿದವರು ಕಡಿಮೆ.

ಕನ್ನಡ ನಾಡು ಅವರನ್ನು ಮರೆಯಲಿಲ್ಲ ಎಂಬುದೂ ನಿಜ. 1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಕಲಬುರಗಿ ನಿಜಾಮರ ಆಳ್ವಿಕೆಯಿಂದ ಹೊರಬಂದು ಆಗಿನ್ನೂ ಬಹಳ ದಿನ ಆಗಿರಲಿಲ್ಲ, 1948ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗಿತ್ತು. ಶರಣರ ನಾಡಿನಲ್ಲಿ, ಬಂದೇನವಾಜರ ದರ್ಗಾ ಇರುವ ಊರಿನಲ್ಲಿ, ಒಬ್ಬ ಕ್ರೈಸ್ತ ಪಾದ್ರಿ ಕನ್ನಡಿಗರೆಲ್ಲರ ಮುಂದೆ ಅಧ್ಯಕ್ಷರಾಗಿ ಕೂತರು. ಬಲಕ್ಕೋ ಎಡಕ್ಕೋ ಖುರ್ಚಿ ಬೇಕೆಂದು ಅವರು ಕೇಳಿರಲಿಲ್ಲ. 1962ರ ಆಗಸ್ಟ್ 28ರಂದು ಚನ್ನಪ್ಪನವರು ತೀರಿಕೊಂಡರು.

ಗೊರವಪ್ಪನ ದೋಣಿ

ನಮ್ಮ ತಾಲ್ಲೂಕಿನ ದೇವರಗುಡ್ಡಕ್ಕೆ, ಆಚೆ ಮೈಲಾರಕ್ಕೆ ಹೋದವರು ಗೊರವಪ್ಪಗಳನ್ನು ನೋಡಿರುತ್ತಾರೆ. ಕಂಬಳಿ ಹೊದ್ದು, ಹಣೆಗೆ ಭಂಡಾರ ಹಚ್ಚಿ, ಕೈಯಲ್ಲಿ ಡಮರುಗ ಹಿಡಿದು ‘ಏಳು ಕೋಟಿಗೆ’ ಎಂದು ಕೂಗುವವರು. ಅವರ ಹತ್ತಿರ ದೋಣಿ ಇರುತ್ತದೆ. ಮನೆಯಲ್ಲಿ ಹೊಲ ಮನೆ ಇದ್ದವರೂ ದೀಕ್ಷೆ ತೊಟ್ಟ ಮೇಲೆ ವ್ರತವೆಂದು ನಾಲ್ಕಾರು ಮನೆಗೆ ಹೋಗಿ ಭಿಕ್ಷೆ ಬೇಡುವುದುಂಟು. ಹೊಟ್ಟೆಗಿಲ್ಲದೆ ಬೇಡುವುದಲ್ಲ ಅದು. ‘ನಾನು ಗೌಡ, ನಾನು ಸಾಹುಕಾರ’ ಎನ್ನುವುದನ್ನು ಇನ್ನೊಬ್ಬರ ಹೊಸ್ತಿಲಲ್ಲಿ ಇಳಿಸಿ ಬರಲಿಕ್ಕೆ ಹಿರಿಯರು ಮಾಡಿದ ಉಪಾಯ. ಕೊಡುವುದಕ್ಕಿಂತ ಬೇಡುವುದು ಕಷ್ಟ, ಬೇಕಾದರೆ ಒಂದು ದಿನ ಪ್ರಯತ್ನ ಮಾಡಿ ನೋಡಬಹುದು. ದಾನ ಕೊಡುವಾಗ ಕೈ ಮೇಲಿರುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ, ಸ್ವಾರ್ಥಕ್ಕೆ ಅಲ್ಲೂ ಒಂದು ಮೂಲೆ ಸಿಗುತ್ತದೆ. ಬೇಡುವ ಕೈಗೆ ಹೆಸರಿಲ್ಲ.

ಮೈಲಾರದ ಸೀಮೆಯಿಂದ ಬಂದ ಮನೆತನದ ಪಾದ್ರಿಗೆ ತಿರುಕ ಎಂಬ ಹೆಸರು ಕುಂದಾಗಿ ಕಾಣದೆ ಇದ್ದದ್ದು ಇದರಿಂದಲೇ ಎಂದು ಹೇಳಲು ಆಧಾರವಿಲ್ಲ. ಆದರೆ ಆ ಸೀಮೆಯ ಜನಕ್ಕೆ ಆ ಹೆಸರಿನ ಬೆಲೆ ಗೊತ್ತು.

ಮನೆಯಲ್ಲಿ ವಿಚಾರ ಮಾಡಲಿಕ್ಕೆ

ಈ ಪಾಠವನ್ನು ಓದಿದವರು ಮನೆಗೆ ಹೋಗಿ ಹಿರಿಯರು ಕಿರಿಯರು ಕೂಡಿ ಕೂತಾಗ ಒಂದೆರಡು ವಿಷಯ ಮಾತಾಡಿಕೊಳ್ಳಬಹುದು. ದೇವರಿಗೆ ಹೊತ್ತ ಹರಕೆಗಳಲ್ಲಿ ಮನೆಯ ಹೊರಗಿನವರಿಗಾಗಿ ಹೊತ್ತದ್ದು ಒಂದಾದರೂ ಇದೆಯೇ? ಬಾಜೂ ಮನೆಯ ಹುಡುಗನ ಜಡ್ಡು ವಾಸಿಯಾಗಲಿ, ಜಗಳವಾಡಿದ ಅಣ್ಣತಮ್ಮನ ಬೆಳೆ ಚಲೋ ಬರಲಿ ಎಂದು ಕಾಯಿ ಒಡೆಸಿದವರು ಎಷ್ಟು ಮಂದಿ? ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ನಮ್ಮ ರಾಣೆಬೆನ್ನೂರಿನ ಎಲ್ಲ ಜಾತಿಯವರೂ ಹೊಳೆ ದಾಟಿ ಹೋಗುತ್ತಾರೆ, ಅಲ್ಲಿಯ ಹರಿಹರೇಶ್ವರನಿಗೂ ಕೈ ಮುಗಿದು ಬರುತ್ತಾರೆ. ಬೇಡಲಿಕ್ಕೆ ಪರಧರ್ಮದ ಗುಡಿ ನಡೆಯುತ್ತದೆ. ಆ ಗುಡಿಯವರಿಗೆ ಕಷ್ಟ ಬಂದಾಗ ಹೆಗಲು ಕೊಡಲಿಕ್ಕೆ ಎಷ್ಟು ಮಂದಿ ಹೊಳೆ ದಾಟುತ್ತಾರೆ?

ಎರಡನೆಯದು, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಿಗೆ ಬರುವ ಹಾಡು, ಗಾದೆ, ಬೀಸುಕಲ್ಲಿನ ಪದ, ತ್ರಿಪದಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ತಮ್ಮ ಮನೆಯದಷ್ಟೇ ಅಲ್ಲ, ಓಣಿಯ ಬೇರೆ ಜಾತಿಯ ಮುದುಕಿಯದನ್ನೂ ಕೇಳಿ ಬರೆಯಬೇಕು. ಬರೆದವರ ಹೆಸರು ಮುಖ್ಯವಲ್ಲ, ಹೇಳಿದವರ ಹೆಸರು ಬರೆದಿಡಬೇಕು. ಇದಕ್ಕೆ ರೊಕ್ಕ ಬೇಡ, ವಿದ್ಯೆಯೂ ಬಹಳ ಬೇಡ. ಒಂದು ತಾಸು ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಮಾತು ಕೇಳುವ ತಾಳ್ಮೆ ಬೇಕು, ಅದೇ ತ್ರಾಸಿನ ಕೆಲಸ.

ಸಮಯ ಇದ್ದ ಭಕ್ತರು ಹಿಂದಿರುಗುವಾಗ ಹಿರೇಕೆರೂರು ಕಡೆಗೆ ಹೋಗಿ ಅಬಲೂರು, ಮಾಸೂರು ನೋಡಿ ಹೋಗಬಹುದು. ಅಬಲೂರು ಶರಣ ಏಕಾಂತದ ರಾಮಯ್ಯನ ಹೆಸರಿನಿಂದಲೂ ಪ್ರಸಿದ್ಧವಾದ ಊರು, ಅಲ್ಲಿಯ ಸೋಮೇಶ್ವರ ಗುಡಿ ಹಳೆಯದು. ಮಾಸೂರಿನ ಹತ್ತಿರ ಮದಗದ ದೊಡ್ಡ ಕೆರೆ ಇದೆ, ಮಳೆಗಾಲದ ನಂತರ ನೋಡಲು ಚೆಂದ. ಅಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕಂಡರೆ ‘ಯಜಮಾನ್ರ, ಸರ್ವಜ್ಞಂದು ಒಂದು ಪದಾ ಹೇಳ್ರಿ’ ಎಂದು ಕೇಳಬೇಕು. ಒಬ್ಬರು ಹೇಳಿದ್ದಕ್ಕೆ ಪಕ್ಕದವರು ‘ಹಂಗಲ್ಲೋ ಮಾರಾಯ, ನಡುವಿನ ಸಾಲು ಬ್ಯಾರೇ ಐತಿ’ ಎನ್ನಬಹುದು. ಎರಡನ್ನೂ ಬರೆದುಕೊಂಡು ಬರಬೇಕು.